ಲಾಭ ಆದ ಮೇಲೆ ಒಂದೋ ಎರಡೋ

ನನ್ನ ಪಾಲಿನ ಪೆದ್ದುತನವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಅವನ ದ್ರೋಹದ ಬಗ್ಗೆ ನಿರಾಳವಾಗಿ ಬರೆಯಬಹುದು. ಎಣಿಕೆ ಸೊನ್ನೆಯಿಂದಲೇ ಶುರುವಾಗಬೇಕು ಎಂದು ಹಟ ಹಿಡಿದವನು ನಾನು. ಆ ಹಟಕ್ಕೆ ಊರ ಹಿರಿಯರನ್ನೆಲ್ಲ ಸಾಕ್ಷಿಗೆ ಎಳೆದುತಂದವನೂ ನಾನು. ಕಂಪ್ಯೂಟರಿನ ಬಾಯಿಗೆ ನಮ್ಮ ಎಚ್‌ಒಡಿ ಮೇಷ್ಟ್ರ ಮಾತನ್ನು ತುರುಕಿದವನೂ ನಾನೇ. ಇಷ್ಟು ನನ್ನದು. ಉಳಿದದ್ದೆಲ್ಲ ಅವನದು.

ಅವನು ಎಂದರೆ ತುಮಕೂರಿನ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಯುವವರೆಗೂ ನನ್ನ ಪಕ್ಕದಲ್ಲಿ ಕೂತವನು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯವನು, ನಾನು ಗುಬ್ಬಿಯವನು. ಸಂಜೆ ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ನಡೆದು, ಅವನು ಆ ಕಡೆಯ ಬಸ್ಸು ಹತ್ತುತ್ತಿದ್ದ, ನಾನು ಈ ಕಡೆಯದು. ಅವನ ಮಾತು ಬಹಳ ನಿಧಾನ. ‘ಲೋ’ ಎಂದು ಶುರು ಮಾಡಿ, ಅಲ್ಲೇ ನಿಂತು, ಆಕಾಶ ನೋಡಿ, ಎಂಜಲು ನುಂಗಿ, ಆಮೇಲೆ ಎರಡನೆಯ ಮಾತಿಗೆ ಬರುತ್ತಿದ್ದ. ಅಷ್ಟರಲ್ಲಿ ಗುಬ್ಬಿ ಬಸ್ಸು ಹೊರಟಿರುತ್ತಿತ್ತು. ಹೀಗಾಗಿ ಅವನ ಎಷ್ಟೋ ವಾಕ್ಯಗಳ ಅರ್ಧ ಭಾಗವನ್ನು ನಾನು ಮಾರನೆಯ ದಿನವೇ ಕೇಳಿದ್ದು.

ನನ್ನದು ಇನ್ನೊಂದು ಬಗೆಯ ಕಾಯಿಲೆ. ಯಾರು ಎದುರಿಗೆ ಬಂದರೂ ಅವರು ಆ ಕಡೆ ತಿರುಗುವುದರೊಳಗೆ ಅವರ ದನಿ ನನ್ನ ಗಂಟಲಿಗೆ ಬಂದು ಕೂತಿರುತ್ತಿತ್ತು. ಬಸ್ ಕಂಡಕ್ಟರ್, ಲ್ಯಾಬಿನ ಬಾಗಿಲಲ್ಲಿ ‘ಚಪ್ಲಿ ಬುಟ್ ಬಾ’ ಎಂದು ಕೂಗುವ ಅಟೆಂಡರ್, ಪ್ರೋಗ್ರಾಮ್ ಕೆಟ್ಟಾಗಲೆಲ್ಲ ಕನ್ನಡಕದ ಮೇಲಿಂದ ನೋಡಿ ‘ಮನೇಲಿ ಹೇಳ್ಬಿಟ್ಟು ಬಂದಿದೀಯೇನಪ್ಪಾ?’ ಎನ್ನುವ ಎಚ್‌ಒಡಿ ಮೇಷ್ಟ್ರು, ಎಲ್ಲರೂ ನನ್ನೊಳಗೆ ಬಾಡಿಗೆಯಿಲ್ಲದೆ ವಾಸವಾಗಿದ್ದರು. ಇವರಲ್ಲೆಲ್ಲ ಸುಲಭವಾದದ್ದು ಗೆಳೆಯನ ದನಿ. ಒಂದು ‘ಲೋ’, ಒಂದು ಆಕಾಶ, ಒಂದು ಎಂಜಲು. ಹಾಸ್ಟೆಲಿನಲ್ಲಿ, ಕ್ಯಾಂಟೀನಿನಲ್ಲಿ, ಎಲ್ಲೇ ಮಾಡಿದರೂ ಜನ ಬಿದ್ದು ನಗುತ್ತಿದ್ದರು. ಅವನೂ ನಗುತ್ತಿದ್ದ, ನಗುವುದಕ್ಕೂ ಸ್ವಲ್ಪ ಹೊತ್ತು ತಗೊಳ್ಳುತ್ತಿದ್ದ.

ಮನೆಯಲ್ಲಿ ಮಾತ್ರ ಇದು ನಡೆಯುತ್ತಿರಲಿಲ್ಲ. ಪರೀಕ್ಷೆಯಲ್ಲಿ ಪಾಸಾಗಿ ಬಂದರೆ ಅಪ್ಪ, “ಯಾರ ಥರ ಬರೆದೆ?” ಎಂದು ಕೇಳುತ್ತಿದ್ದರು. ತಮಾಷೆಗಲ್ಲ. ನನ್ನ ಸ್ವಂತದ್ದು ಅಂತ ಏನಾದರೂ ಇದೆಯೇ ಎಂಬ ಅನುಮಾನ ಅವರಿಗೆ ನಿಜವಾಗಿಯೂ ಇತ್ತು. ಅದು ನನಗೂ ಇತ್ತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಹೊಸ ಪ್ರೋಗ್ರಾಮಿಂಗ್ ಭಾಷೆಯನ್ನೇ ಮಾಡೋಣ ಎಂದು ನಾನು ಹುರುಪಿನಿಂದ ಹೊರಟದ್ದು ಅದಕ್ಕೇ. ಬೇರೆಯವರೆಲ್ಲ ಲೈಬ್ರರಿ ಪುಸ್ತಕದ ಲೆಕ್ಕ, ಆಸ್ಪತ್ರೆಯ ಬೆಡ್ಡಿನ ಲೆಕ್ಕ ಎಂದು ಹಿಂದಿನ ವರ್ಷದವರದನ್ನೇ ಹೊಸ ರಟ್ಟು ಹಾಕಿ ತರುತ್ತಿದ್ದರು. ಒಂದು ಭಾಷೆಯನ್ನು ಯಾರದೋ ಥರ ಮಾಡಿದೆ ಎಂದು ಅಪ್ಪ ಹೇಳಲಾರರು ಎಂದುಕೊಂಡೆ. ನಾನು ಹುಟ್ಟಿಸಿದ ಒಂದು ವಸ್ತುವನ್ನು ನಾನೇ ಎದ್ದು ನಿಂತು ತೋರಿಸುವ ಒಂದು ದಿನ ಬರಲಿ, ಆ ದಿನ ಯಾರೂ ನಗದಿರಲಿ. ನನಗೆ ಬೇಕಾಗಿದ್ದು ಅಷ್ಟೇ.

ಭಾಷೆಗೆ ‘ರಾಶಿ’ ಎಂದು ಹೆಸರಿಟ್ಟೆವು. ಮಂಡಿಯಲ್ಲಿ, ಕಣದಲ್ಲಿ ಚೀಲ ಎಣಿಸುವವರು ತಮ್ಮ ಲೆಕ್ಕವನ್ನು ತಾವೇ ಕಂಪ್ಯೂಟರಿಗೆ ಹೇಳುವಂತಿರಬೇಕು ಎನ್ನುವುದು ಉದ್ದೇಶ. ಆಗಿನ ಲ್ಯಾಬಿನ ಪರದೆಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆಯುತ್ತಿದ್ದೆವು. ‘ಚೀಲ’ ಎಂದರೆ ಸಾಲಾಗಿ ಖಾನೆಗಳು, ‘ತೋರಿಸು’ ಎಂದರೆ ಪರದೆಗೆ ತರುವುದು, ‘ಒಟ್ಟು’ ಎಂದರೆ ಎಲ್ಲ ಖಾನೆ ಕೂಡಿಸುವುದು.

ಕೆಲಸ ಹಂಚಿಕೊಂಡೆವು. ಹೊಡೆದ ಸಾಲನ್ನು ಓದಿ ಅರ್ಥ ಮಾಡಿಕೊಳ್ಳುವ ಭಾಗ ಅವನದು. ಭಾಷೆಯ ಜೊತೆಗೇ ಬರುವ ಸಿದ್ಧ ಪದಗಳು, ತಪ್ಪಾದಾಗ ಬರುವ ಮಾತುಗಳು, ಕೊನೆಗೆ ಪರೀಕ್ಷಕರಿಗೆ ತೋರಿಸುವ ಪ್ರೋಗ್ರಾಮ್, ಇವು ನನ್ನವು.

ಜಗಳ ಮೊದಲ ದಿನವೇ ಶುರುವಾಯಿತು. ನನಗೆ ಪ್ರತಿ ಸಾಲಿನ ಕೊನೆಗೂ ಸೆಮಿಕೋಲನ್ ಬೇಕಿತ್ತು. ನಾವು ಕಲಿತದ್ದು ಸಿ ಭಾಷೆ. ಅದಿಲ್ಲದ ಸಾಲು ಗುಂಡಿಯಿಲ್ಲದ ಅಂಗಿಯ ಹಾಗೆ ಕಾಣುತ್ತಿತ್ತು.

“ಲೋ...” ಎಂದು ಅವನು ನಿಂತ. “ಸಾಲು ಮುಗುದ್ ಮೇಲೆ ಮುಗೀತಲ್ಲ. ಮುಗೀತು ಅಂತ ಇನ್ನೊಂದ್ ಸಲ ಯಾಕ್ ಹೇಳ್ಬೇಕು?”

“ಸಿ ಬರೆದೋರು ದಡ್ಡರೇನ್ಲಾ?”

“ಅವರ್ಗೆ ಬೇಕಾಗಿತ್ತೇನೋ. ಚೀಲ ಎಣ್ಸೋನ್ಗೆ ಯಾಕೆ?”

ಅವನ ಎಲ್ಲ ವಾದವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು, ಚೀಲ ಎಣಿಸುವವನಿಗೆ ಯಾಕೆ. ಪರದೆ ಒರೆಸುವ ಪದ ಇರಲಿ ಎಂದೆ. ಚೀಲ ಎಣಿಸುವವನಿಗೆ ಯಾಕೆ? ಅಕ್ಷರಕ್ಕೆ ಬಣ್ಣ? ಯಾಕೆ? ಸೈಕಲ್ ಬೆಲ್ಲಿನ ಸದ್ದು? ಅವನು ಆಕಾಶ ನೋಡಿದ. ಸೆಮಿಕೋಲನ್ನನ್ನು ಅವನಿಗೆ ಬಿಟ್ಟುಕೊಟ್ಟೆ. ಬದಲಿಗೆ ನನ್ನ ಸಿದ್ಧ ಪದಗಳಿಗೂ ತಪ್ಪಿನ ಮಾತುಗಳಿಗೂ ಅವನು ಕೈ ಹಾಕಕೂಡದು ಎಂದು ಮಾತು ತೆಗೆದುಕೊಂಡೆ. ಆ ಭಾಗವನ್ನು ಮನಸೋಇಚ್ಛೆ ತುಂಬಿದೆ.

ತಪ್ಪಿನ ಮಾತುಗಳನ್ನು ಬರೆಯುವಾಗ ನನಗೆ ಬಂದಷ್ಟು ಖುಷಿ ಆಮೇಲೆ ಯಾವ ಕೆಲಸದಲ್ಲೂ ಬಂದಿಲ್ಲ. ಅರ್ಥವಾಗದ ಪದ ಹೊಡೆದರೆ ರಾಶಿ ‘ಚಪ್ಲಿ ಬುಟ್ ಬಾ’ ಎನ್ನುತ್ತಿತ್ತು. ಭಾಗಾಕಾರದಲ್ಲಿ ಶೇಷ ಉಳಿದರೆ ಕಂಡಕ್ಟರನ ‘ಚಿಲ್ರೆ ಇಲ್ಲ, ಇಳೀರಿ’. ಇಲ್ಲದ ಖಾನೆಗೋ ಖಾಲಿ ಖಾನೆಗೋ ಕೈಹಾಕಿದರೆ ಎಚ್‌ಒಡಿ ಮೇಷ್ಟ್ರ ‘ಮನೇಲಿ ಹೇಳ್ಬಿಟ್ಟು ಬಂದಿದೀಯೇನಪ್ಪಾ?’, ಜೊತೆಗೆ ಸೈಕಲ್ ಬೆಲ್ಲು. ಯಾರ ಥರವೂ ಅಲ್ಲದ ಭಾಷೆ ಮಾಡಲು ಹೊರಟವನು ಊರವರ ದನಿಯನ್ನೆಲ್ಲ ಅದರೊಳಗೆ ತುಂಬಿಸುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ. ಹೇಗಿದ್ದರೂ ಪರೀಕ್ಷೆಯ ದಿನ ನನ್ನ ಪ್ರೋಗ್ರಾಮ್ ತಪ್ಪುವುದಿಲ್ಲ, ಆ ಮಾತು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದುಕೊಂಡಿದ್ದೆ.

ದೊಡ್ಡ ಜಗಳ ಎಣಿಕೆಯದು. ಸಾಲಾಗಿರುವ ಖಾನೆಗಳಲ್ಲಿ ಮೊದಲನೆಯದರ ಸಂಖ್ಯೆ ಸೊನ್ನೆಯೋ ಒಂದೋ? ಸಿ ಭಾಷೆಯಲ್ಲಿ ಸೊನ್ನೆ. ಆದ್ದರಿಂದ ನನಗೂ ಸೊನ್ನೆ.

“ಲೋ... ನಮ್ಮಜ್ಜಿ ರಾಗಿ ಅಳ್ಯೋವಾಗ ಸೊನ್ನೆ ಅಂತ ಶುರು ಮಾಡು ನೋಡಾನ, ಸೇರಲ್ಲೇ ಹೊಡೀತಾಳೆ,” ಎಂದ.

“ನಿಮ್ಮಜ್ಜಿ ಒಂದು ಅಂತಾಳಾ ಮತ್ತೆ?”

“ಒಂದೂ ಅನ್ನಲ್ಲ. ಲಾಭ ಅಂತಾಳೆ.”

ಅದು ನನಗೂ ಗೊತ್ತಿದ್ದದ್ದೇ. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲನೆಯ ಅಳತೆಗೆ ಸಂಖ್ಯೆ ಹೇಳುವುದಿಲ್ಲ. ‘ಲಾಭ’ ಎಂದು ಸುರಿಯುತ್ತಾರೆ. ಗುಬ್ಬಿಯ ಸಂತೆಯಲ್ಲೂ ಕೇಳಿದ್ದೆ. ಆದರೆ ನಾನು ಸಂತೆಯಲ್ಲಿ ಕೇಳುತ್ತಿದ್ದುದು ದನಿಯನ್ನು, ಲೆಕ್ಕವನ್ನಲ್ಲ. ‘ಲಾ...ಭಾ’ ಎಂದು ಎಳೆಯುವ ರಾಗ ಸಿಕ್ಕಿದ ಕೂಡಲೇ ಅದನ್ನು ಕಿಸೆಗೆ ಹಾಕಿಕೊಂಡು ಮುಂದೆ ಹೋಗಿರುತ್ತಿದ್ದೆ. ಆಮೇಲೆ ಏನು ಬರುತ್ತದೆ ಎಂದು ನಿಂತು ಕೇಳಿದವನಲ್ಲ. ಲಾಭ ಎನ್ನುವುದು ದೇವರ ಹೆಸರು ಹೇಳಿದ ಹಾಗೆ ಶಾಸ್ತ್ರಕ್ಕೆ, ನಿಜವಾದ ಎಣಿಕೆ ಆಮೇಲೆ ಒಂದರಿಂದ ಶುರು ಎಂದುಕೊಂಡಿದ್ದೆ. ಲಾಭ, ಒಂದು, ಎರಡು. ಸೊನ್ನೆ, ಒಂದು, ಎರಡು. ಆಹಾ! ಸಿ ಭಾಷೆ ಬರೆದವರಿಗಿಂತ ಎಷ್ಟೋ ಮೊದಲೇ ನಮ್ಮ ಹಿರಿಯರು ಸೊನ್ನೆಯಿಂದ ಎಣಿಸಿದ್ದರು! ಕುರ್ಚಿಯ ಮೇಲೆ ಹತ್ತಿ ಅವನ ಅಜ್ಜಿಯ ದನಿಯಲ್ಲಿ ಘೋಷಿಸಿದೆ. ಆ ಅಜ್ಜಿಯನ್ನು ನಾನು ನೋಡಿಯೇ ಇರಲಿಲ್ಲ. ಆದರೂ ಲ್ಯಾಬಿನಲ್ಲಿದ್ದವರೆಲ್ಲ ಅವಳನ್ನು ಕಂಡಹಾಗೆ ನಕ್ಕರು. ರಾಶಿಯಲ್ಲಿ ಮೊದಲ ಖಾನೆಯ ಹೆಸರು ‘ಲಾಭ’ ಎಂದು ಅಲ್ಲೇ ನಿಶ್ಚಯವಾಯಿತು. ಲಾಭ ಎಂದರೆ ಸೊನ್ನೆ, ಮುಂದಿನ ಖಾನೆ ಒಂದು.

ಪರೀಕ್ಷೆಗೆ ಓದಲು ರಜೆ ಬಿಟ್ಟರು. ಅವನು ರಾಶಿಯಿದ್ದ ಫ್ಲಾಪಿ ತೆಗೆದುಕೊಂಡು ಹೊರಟ. ಕುಣಿಗಲ್ಲಿನಲ್ಲಿ ಪರಿಚಯದವರ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಉಳಿದದ್ದನ್ನು ಮುಗಿಸುವುದು, ಪರೀಕ್ಷೆಯ ದಿನ ಬೆಳಿಗ್ಗೆ ಅದನ್ನೇ ತರುವುದು ಎಂದು ಮಾತಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಬೀಳ್ಕೊಡುವಾಗ ಅವನು, “ಲೋ... ಆ ಲಾಭದ್ದು...” ಎಂದು ನಿಂತ. ನಾನು ಪಕ್ಕದಲ್ಲಿದ್ದ ಹುಡುಗರ ಕಡೆ ತಿರುಗಿ, “ಲೋ...” ಎಂದು ಆಕಾಶ ನೋಡಿ, ಎಂಜಲು ನುಂಗಿ, “ಆ... ಲಾಭದ್ದು...” ಎಂದೆ. ನಗುವಿನ ನಡುವೆ ಅವನ ಬಸ್ಸು ಬಂತು.

ನಮ್ಮ ಮನೆಯಲ್ಲಿ ಆಗ ಫೋನಿರಲಿಲ್ಲ. ಎದುರಿನ ಪಾತ್ರೆ ಅಂಗಡಿಯ ನಂಬರ್ ಕೊಟ್ಟಿದ್ದೆ. ರಜೆಯ ನಡುವೆ ಅಂಗಡಿಯವರು, “ನಿನ್ನ ಸ್ನೇಹಿತ ಕಣಪ್ಪಾ, ಕುಣಿಗಲ್ಲಿಂದ,” ಎಂದು ಕರೆದರು. ರಿಸೀವರ್ ತೆಗೆದುಕೊಂಡೆ.

“ಲೋ... ಆ ಎಣಿಕೇದು... ನಾನು...”

ಅಂಗಡಿಯಲ್ಲಿ ಮದುವೆಗೆ ಪಾತ್ರೆ ಕೊಳ್ಳಲು ಬಂದವರು ಗುಂಪಾಗಿ ಕೂತಿದ್ದರು. ಅಷ್ಟು ಜನ ಸಿಕ್ಕರೆ ನಾನು ಬಿಟ್ಟೇನೇ? ರಿಸೀವರಿನ ಬಾಯಿ ಮುಚ್ಚದೆಯೇ ಅವನ ವಾಕ್ಯವನ್ನು ಅವನ ದನಿಯಲ್ಲೇ ಮರಳಿಸಿದೆ. ಅಂಗಡಿಯವರು ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿ ನಕ್ಕರು. ಆ ಕಡೆಯಿಂದ, “ಸರಿ ಬುಡು. ಬಂದಾಗ ಹೇಳ್ತೀನಿ,” ಎಂಬ ದನಿ ಬಂತು, ಆಮೇಲೆ ಫೋನ್ ಇಟ್ಟ ಸದ್ದು.

ಪರೀಕ್ಷೆಯ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅವನು ಬಂದ. ಫ್ಲಾಪಿಯನ್ನು ನನ್ನ ಕೈಗಿಟ್ಟು ಏನೋ ಹೇಳಲು ಹೊರಟ. ಬೇರೆ ಊರಿಂದ ಬಂದಿದ್ದ ಪರೀಕ್ಷಕರು ಆಗತಾನೆ ವರಾಂಡದಲ್ಲಿ ಪ್ಯಾಂಟು ಎಳೆದುಕೊಳ್ಳುತ್ತ ನಡೆದುಹೋಗಿದ್ದರು. ನಾನು ಆ ನಡಿಗೆಯನ್ನು ಹುಡುಗರಿಗೆ ತೋರಿಸುವುದರಲ್ಲಿ ಮುಳುಗಿದ್ದೆ. ಒಳಗೆ ಕರೆದರು.

ನನ್ನ ದಿನ ಬಂದಿತ್ತು. ಎದ್ದು ನಿಂತು, ಯಾರ ದನಿಯನ್ನೂ ಬಳಸದೆ, ರಾಶಿಯ ಬಗ್ಗೆ ಮಾತಾಡಿದೆ. ಸೆಮಿಕೋಲನ್ ಯಾಕಿಲ್ಲ ಎಂದು ಕೇಳಿದರು. ಗೆಳೆಯನ ವಾದವನ್ನು ನನ್ನದೇ ಎಂಬಂತೆ ಹೇಳಿದೆ. ಪರೀಕ್ಷಕರು ತಲೆದೂಗಿದರು. ಎಚ್‌ಒಡಿ ಮೇಷ್ಟ್ರು, “ಚೆನ್ನಾಗಿದ್ರೆ ನಮ್ಮ ಜೂನಿಯರ್ಸ್‌ಗೆ ಇದನ್ನೇ ಹೇಳ್ಕೊಡಬಹುದು ಸಾರ್,” ಎಂದರು. ಆ ಮಾತು ಕೇಳಿ ನನ್ನ ಎದೆ ಒಂದು ಸುತ್ತು ಹಿಗ್ಗಿತು. ಹಿಗ್ಗಿದ ಎದೆಯಲ್ಲೇ ಲಾಭದ ಪ್ರಸಂಗಕ್ಕೆ ಬಂದೆ.

“ಸಾರ್, ನಮ್ಮ ಹಿರಿಯರು ಸೊನ್ನೆಯಿಂದಲೇ ಎಣಿಸ್ತಾ ಇದ್ದರು. ಲಾಭ, ಆಮೇಲೆ ಒಂದು, ಎರಡು...”

ಪರೀಕ್ಷಕರು ಕೈ ಎತ್ತಿದರು. “ಲಾಭ ಆದ್ಮೇಲೆ ಒಂದಾ? ಯಾವೂರಪ್ಪ ನಿಂದು?”

“ಗುಬ್ಬಿ ಸಾರ್.”

“ಗುಬ್ಬಿ ಸಂತೇಲಿ ಹಂಗ್ ಅಳುದ್ರೆ ಬಿಡ್ತಾರೇನಪ್ಪಾ? ಲಾಭ ಆದ್ಮೇಲೆ ಎರಡು. ಲಾಭ ಅನ್ನೋದೇ ಒಂದು. ನಮ್ಮಪ್ಪನೂ ರಾಗಿ ಬೆಳೀತಿದ್ರು. ಇರಲಿ, ಓಡಿಸಿ ತೋರಿಸು.”

ಆದರೂ ಭಾಷೆ ನಮ್ಮದು, ಅದರಲ್ಲಿ ನಾವು ಹೇಳಿದ್ದೇ ಲೆಕ್ಕ ಎಂದು ಧೈರ್ಯ ತಂದುಕೊಂಡೆ. ಐದು ಚೀಲ ಕೊಬ್ಬರಿಯ ತೂಕವನ್ನು ಐದು ಖಾನೆಗೆ ತುಂಬಬೇಕು. ಮೊದಲ ಚೀಲವನ್ನು ಲಾಭದ ಖಾನೆಗೆ ಹಾಕಿದೆ, ಎರಡನೆಯದನ್ನು ಒಂದಕ್ಕೆ, ಹೀಗೆ ನಾಲ್ಕರವರೆಗೆ. ಆಮೇಲೆ ಮೊದಲ ಚೀಲ ತೋರಿಸು ಎಂದೆ. ಪರದೆಯ ಮೇಲೆ ಎರಡನೆಯ ಚೀಲದ ತೂಕ ಬಂತು. ಇನ್ನೊಮ್ಮೆ ಹೊಡೆದೆ. ಅದೇ ಬಂತು. ಲಾಭದ ಖಾನೆಯೂ ಒಂದರ ಖಾನೆಯೂ ಒಂದೇ ಆಗಿಹೋಗಿದ್ದವು. ಎರಡನೆಯ ಚೀಲ ಮೊದಲನೆಯದನ್ನು ಅಳಿಸಿ ಅಲ್ಲೇ ಕೂತಿತ್ತು. ಐದನೆಯ ಖಾನೆಯಲ್ಲಿ ಏನೂ ಇರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆ ಹೊತ್ತಿಗೆ ತೋಚಿದ್ದು ‘ಒಟ್ಟು’ ಎಂದು ಹೊಡೆದು ಪಾರಾಗುವುದೊಂದೇ. ರಾಶಿ ಒಂದೊಂದೇ ಖಾನೆ ಕೂಡಿಸುತ್ತ ಹೋಗಿ ಖಾಲಿ ಖಾನೆಗೆ ಕೈಹಾಕಿತು.

ಸೈಕಲ್ ಬೆಲ್ಲು ಇಡೀ ಲ್ಯಾಬಿಗೆ ಕೇಳುವಂತೆ ಹೊಡೆಯಿತು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ, ನಾನೇ ಆರಿಸಿದ ಹಸಿರು ಬಣ್ಣದಲ್ಲಿ, ಆ ಮಾತು ಬಂತು.

ಎಚ್‌ಒಡಿ ಮೇಷ್ಟ್ರು ಬಗ್ಗಿ, ಕನ್ನಡಕದ ಮೇಲಿಂದ ಓದಿದರು. ಓದಿದ್ದು ಗಟ್ಟಿಯಾಗಿ. “ಮನೇಲಿ ಹೇಳ್ಬಿಟ್ಟು ಬಂದಿದೀಯೇನಪ್ಪಾ?” ನನ್ನ ಅನುಕರಣೆಗಿಂತ ಎಷ್ಟೋ ಚೆನ್ನಾಗಿತ್ತು. ಅಟೆಂಡರ್ ಮೊದಲು ನಕ್ಕ, ಆಮೇಲೆ ಪರೀಕ್ಷಕರು, ಆಮೇಲೆ ಬಾಗಿಲಲ್ಲಿ ಸರದಿಗೆ ಕಾಯುತ್ತಿದ್ದ ಅಷ್ಟೂ ಜನ. ಯಾರೂ ನಗಬಾರದು ಎಂದುಕೊಂಡಿದ್ದ ದಿನ.

ನಗು ಇಳಿದ ಮೇಲೆ ಪರೀಕ್ಷಕರು ಕೇಳಿದರು. “ಭಾಷೆ ಕೆಟ್ಟಿದೆಯೋ ಪ್ರೋಗ್ರಾಮ್ ಕೆಟ್ಟಿದೆಯೋ?”

ನಾನು ಗೆಳೆಯನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ. ಆಕಾಶ ನೋಡಲು ಅಲ್ಲಿ ಆಕಾಶವಿರಲಿಲ್ಲ, ಫ್ಯಾನ್ ನೋಡಿದ. ಎಂಜಲು ನುಂಗಿದ.

“ಭಾಷೆ ಸರಿಯಾಗಿದೆ ಸಾರ್,” ಎಂದ. “ಲಾಭ ಅಂದ್ರೆ ಒಂದು ಅಂತ ಬದಲಾಯಿಸಿದೀನಿ. ಪ್ರೋಗ್ರಾಮ್ ತಪ್ಪು.”

ಪ್ರೋಗ್ರಾಮ್ ನನ್ನದು ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಸುಳ್ಳು ಹೇಳಲಿಲ್ಲ, ಅದೇ ಕಷ್ಟ. ಸುಳ್ಳು ಹೇಳಿದ್ದರೆ ಅಲ್ಲೇ ಹಿಡಿಯಬಹುದಾಗಿತ್ತು. ನನ್ನ ಬಸ್ಸು ಹೊರಡುವುದರೊಳಗೆ ಒಂದು ಮಾತೂ ಮುಗಿಸದಿದ್ದವನು ಆ ಒಂದು ವಾಕ್ಯವನ್ನು ಸರಿಯಾದ ಹೊತ್ತಿಗೆ ಮುಗಿಸಿದ್ದ.

ಇಬ್ಬರೂ ಪಾಸಾದೆವು. ಅವನಿಗೆ ಬಂದದ್ದು ಜಾಸ್ತಿ. ಅಪ್ಪ ಈ ಸಲ ಏನೂ ಕೇಳಲಿಲ್ಲ. ಎಚ್‌ಒಡಿ ಮೇಷ್ಟ್ರ ಪ್ರಸಂಗ ನನಗಿಂತ ಮೊದಲೇ ಗುಬ್ಬಿ ತಲುಪಿತ್ತು. ನಾನು ಅವನ ಜೊತೆ ಮಾತು ಬಿಟ್ಟೆ.

ಕೆಲವು ತಿಂಗಳ ಮೇಲೆ ಟಿಸಿ ತರಲು ಕಾಲೇಜಿಗೆ ಹೋದಾಗ ಲ್ಯಾಬಿನೊಳಗೆ ಇಣುಕಿದೆ. ಜೂನಿಯರ್‌ಗಳು ರಾಶಿಯಲ್ಲಿ ಚೀಲ ಎಣಿಸುತ್ತಿದ್ದರು. ಗೆಳೆಯ ವಾರಕ್ಕೊಮ್ಮೆ ಬಂದು ಹೇಳಿಕೊಡುತ್ತಾನಂತೆ. ಒಬ್ಬನನ್ನು ಎಬ್ಬಿಸಿ ಕೂತು, ಬೇಕೆಂತಲೇ ತಪ್ಪು ಪದ ಹೊಡೆದೆ. ‘ಚಪ್ಲಿ ಬುಟ್ ಬಾ’ ಬರಲಿಲ್ಲ. ಶೇಷ ಉಳಿಯುವ ಭಾಗಾಕಾರ ಮಾಡಿದೆ, ಕಂಡಕ್ಟರ್ ಇರಲಿಲ್ಲ. ಖಾಲಿ ಖಾನೆಗೆ ಕೈಹಾಕಿದೆ. ಬೆಲ್ಲೂ ಇಲ್ಲ, ಮೇಷ್ಟ್ರೂ ಇಲ್ಲ. ಎಲ್ಲಕ್ಕೂ ಒಂದೇ ಮಾತು: ‘ತಪ್ಪು’, ಅದರ ಪಕ್ಕ ಎಷ್ಟನೆಯ ಸಾಲು ಎಂದು. ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದ ಭಾಗವನ್ನು ಗುಡಿಸಿ ಹಾಕಿದ್ದ. ಭಾಷೆ ಶುರುವಾಗುವಾಗ ಬರುವ ಪುಟದಲ್ಲಿ ಮಾತ್ರ ಇಬ್ಬರ ಹೆಸರೂ ಹಾಗೇ ಇತ್ತು. ಅದು ನೋಡಿ ಇನ್ನೂ ಉರಿಯಿತು.

ಈ ಉರಿಯನ್ನು ನಾನು ಸುಮ್ಮನೆ ಕಳೆಯಲಿಲ್ಲ, ದುಡಿಸಿಕೊಂಡೆ. ‘ಭಾಷೆ ಸರಿಯಾಗಿದೆ ಸಾರ್’ ಎನ್ನುವುದು ನನ್ನ ಅತಿ ಜನಪ್ರಿಯ ಐಟಂ ಆಯಿತು. ಪರೀಕ್ಷಕರ ಪ್ಯಾಂಟು, ಮೇಷ್ಟ್ರ ಕನ್ನಡಕ, ಬೆಲ್ಲು, ಫ್ಯಾನು, ಎಂಜಲು, ಎಲ್ಲ ಇದ್ದವು. ಗುಬ್ಬಿಯಲ್ಲಿ ನನಗೆ ಚಹಾ ಕೊಡಿಸಿ ಮಾಡಿಸುತ್ತಿದ್ದರು. ಕೊನೆಗೆ ನಾನು ನನ್ನ ಸ್ವಂತ ದನಿಗೆ ಬಂದು, ‘ಪಕ್ಕದಲ್ಲಿ ಕೂತವನೇ ಹೀಗೆ ಮಾಡಿದರೆ?’ ಎಂದು ನಿಲ್ಲಿಸುತ್ತಿದ್ದೆ. ಜನ ಲೊಚಗುಟ್ಟುತ್ತಿದ್ದರು. ಅದೂ ಚೆನ್ನಾಗಿರುತ್ತಿತ್ತು.

ಒಂದೆರಡು ವರ್ಷದ ಮೇಲೆ ನಮ್ಮ ತರಗತಿಯವನೊಬ್ಬನ ಮದುವೆ ಕುಣಿಗಲ್ಲಿನಲ್ಲಿ ಆಯಿತು. ಮೊದಲ ಪಂಕ್ತಿಯ ಊಟ ನಡೆಯುತ್ತಿತ್ತು. ನಾವು ಹಳೆಯ ಹುಡುಗರು ಕಲ್ಯಾಣ ಮಂಟಪದ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎರಡನೆಯ ಪಂಕ್ತಿಗೆ ಕಾಯುತ್ತಿದ್ದೆವು. ಐಟಂ ಮಾಡು ಎಂದರು. ಮಾಡಿದೆ. ಬೆಲ್ಲಿನವರೆಗೆ ಬರುವಷ್ಟರಲ್ಲಿ ಅವನು ಬಂದು ಕೊನೆಯ ಕುರ್ಚಿಯಲ್ಲಿ ಕೂತದ್ದು ಕಾಣಿಸಿತು. ನಿಲ್ಲಿಸಲಿಲ್ಲ. ಅವನ ಎದುರಿಗೇ ಇಲ್ಲದ ಫ್ಯಾನ್ ನೋಡಿದೆ, ಅವನ ಎದುರಿಗೇ ಎಂಜಲು ನುಂಗಿದೆ, “ಪ್ರೋಗ್ರಾಮ್ ತಪ್ಪು” ಎಂದೆ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಆಗ ನನಗೆ ತಡೆಯಲಾಗಲಿಲ್ಲ. ಐಟಂ ಅಲ್ಲಿಗೇ ಬಿಟ್ಟು ಅವನ ಮುಂದೆ ಹೋಗಿ ನಿಂತೆ.

“ಬದಲಾಯ್ಸು, ಬೇಡ ಅನ್ನಲ್ಲ. ನಿಮ್ಮಜ್ಜಿ ಲೆಕ್ಕಾನೇ ಸರಿ, ಅದೂ ಒಪ್ಕೊತೀನಿ. ನನ್ನ ಮಾತುಗಳನ್ನೆಲ್ಲ ಕಿತ್ತಾಕಿದೆ, ಅದನ್ನೂ ಬುಡು. ಆದ್ರೆ ಅಷ್ಟು ಜನದ ಮುಂದೆ ನನ್ನ ನಿಲ್ಸೋ ಮೊದ್ಲು, ಬದಲಾಯ್ಸಿದೀನಿ ಕಣೋ ಅಂತ ಒಂದೇ ಒಂದು ಮಾತು ಹೇಳಕ್ಕೆ ನಿಂಗೇನ್ ರೋಗ ಬಂದಿತ್ತಲಾ?”

ಅವನು ಬಾಯಿ ತೆರೆಯುವ ಮೊದಲೇ ನನ್ನ ಗಂಟಲಲ್ಲಿ ಅವನ ‘ಲೋ’ ಸಿದ್ಧವಾಗಿ ಕೂತಿತ್ತು. ಆದರೆ ಈ ಸಲ ಅವನು ‘ಲೋ’ ಎನ್ನಲಿಲ್ಲ, ಎಲ್ಲೂ ನಿಲ್ಲಲಿಲ್ಲ, ಮೇಲೆ ನೋಡಲಿಲ್ಲ.

“ಹೇಳಕ್ ಬಂದಾಗೆಲ್ಲಾ ನೀನು ನನ್ ಥರಾನೇ ಹೇಳಿ ತೋರುಸ್ತಿದ್ದೆ,” ಎಂದ. “ಇನ್ ಯಾರ್ ಥರ ಹೇಳ್ಬೇಕಾಗಿತ್ತು ಕಣ್ಲಾ ನಿಂಗೆ?”